ಮಾರ್ಜಾರ ಮೃಗಯಾ ವಿನೋದ: ಪುಣೆಯ ಸಾಕ್ಷ್ಯಗಳನ್ನು ಆಧರಿಸಿದ ಒಂದು ಶಾಸ್ತ್ರೀಯ ವಿವೇಚನೆ

1. ಪೀಠಿಕೆ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಸೂತ್ರಕ್ಕೆ ಕನ್ನಡದಲ್ಲಿ ಈವರೆಗೆ ಬಂದಿರುವ ವ್ಯಾಖ್ಯಾನವೆಲ್ಲ ಇಲಿಯ ಪಕ್ಷದ್ದು. ಉತ್ತರಾರ್ಧದ ಪ್ರಾಣಸಂಕಟಕ್ಕಾಗಿ ಭಾಷಣಗಳಲ್ಲಿ, ಸಂಪಾದಕೀಯಗಳಲ್ಲಿ, ವಿಧಾನಸಭೆಯ ಕಲಾಪಗಳಲ್ಲಿ ಸಾಕಷ್ಟು ಕಣ್ಣೀರು ಹರಿದಿದೆ. ಪೂರ್ವಾರ್ಧದ ಚೆಲ್ಲಾಟವನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡಿಲ್ಲ. ಅರ್ಧ ಸೂತ್ರ ಹೀಗೆ ದಿಕ್ಕಿಲ್ಲದೆ ಬಿದ್ದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಪುಣೆಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. 1917ರಲ್ಲಿ ಸ್ಥಾಪನೆಯಾದ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇರುವುದು ಇಲ್ಲಿ. ಮಹಾಭಾರತದ ಶುದ್ಧ ಪಾಠವನ್ನು ನಿರ್ಣಯಿಸಲು ಅಲ್ಲಿ 1,259 ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು; 1919ರಲ್ಲಿ ಹಿಡಿದ ಕೆಲಸ 1966ರಲ್ಲಿ ಮುಗಿಯಿತು. ಡೆಕ್ಕನ್ ಕಾಲೇಜಿನವರು ಇನ್ನೂ ತಾಳ್ಮೆಯ ಜನ. ಅವರ ಸಂಸ್ಕೃತ ಮಹಾಕೋಶದ ಕೆಲಸ 1948ರಲ್ಲಿ ಶುರುವಾಯಿತು, ಮೊದಲ ಸಂಪುಟ 1976ರಲ್ಲಿ ಬಂತು, ಮೂವತ್ತಕ್ಕೂ ಹೆಚ್ಚು ಸಂಪುಟಗಳು ಅಚ್ಚಾದರೂ ‘ಅ’ಕಾರ ಮುಗಿದಿರಲಿಲ್ಲ. ಈ ಲೆಕ್ಕದಲ್ಲಿ ‘ಬಿಡಾಲ’ದ ಸರದಿ ಬರುವವರೆಗೆ ಕಾಯುವ ಆಯುಷ್ಯ ನನಗಾಗಲಿ ನಮ್ಮ ಬೆಕ್ಕಿಗಾಗಲಿ ಇಲ್ಲ. ಆದ್ದರಿಂದ ಈ ಅವಸರ.

2. ಅಧ್ಯಯನದ ಆಕರ

ಪ್ರಧಾನ ಆಕರ ಕೋಥರೂಡದ ನಮ್ಮ ಫ್ಲಾಟಿನಲ್ಲಿರುವ ಗಂಡು ಬೆಕ್ಕು. ಮೈ ಬೂದು, ಎದೆ ಬಿಳಿ. ಕೂತಲ್ಲೇ ಕೂತು ಇಡೀ ಮನೆಯ ಕಾರಭಾರ ನಡೆಸುವುದರಿಂದ ಪೇಶ್ವೆಯರ ಮಂತ್ರಿ ನಾನಾ ಫಡ್ನವೀಸರ ನೆನಪಿಗೆ ‘ನಾನಾ’ ಎಂದು ಹೆಸರಿಟ್ಟಿದ್ದೇವೆ. ಧಾರವಾಡದಿಂದ ಬಂದಿರುವ ನಮ್ಮ ಅವ್ವ ಮಾತ್ರ ‘ಹಾಳ ಬೆಕ್ಕು’ ಎನ್ನುತ್ತಾಳೆ. ಎದುರು ಫ್ಲಾಟಿನ ಆಜಿ ‘ಬೋಕ್ಯಾ’ ಎಂದು ಕರೆಯುತ್ತಾರೆ. ಮೂರಕ್ಕೂ ಅದು ತಿರುಗಿ ನೋಡುವುದಿಲ್ಲ; ಭಾಷಾ ವಿವಾದದಲ್ಲಿ ಇಷ್ಟು ಕಟ್ಟುನಿಟ್ಟಾದ ತಟಸ್ಥ ನೀತಿ ಎರಡೂ ರಾಜ್ಯಗಳಲ್ಲಿ ಬೇರೆ ಯಾರಿಗೂ ಸಾಧ್ಯವಾಗಿಲ್ಲ.

ಪುಣೆಯ ಹವೆ ಬೆಕ್ಕಿನ ಸ್ವಭಾವಕ್ಕೆ ಒಗ್ಗುವಂಥದ್ದು. ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚಿ ಮಲಗುವುದು ಇಲ್ಲಿನ ಹಳೆಯ ಪೇಟೆಗಳ ಸಂಪ್ರದಾಯ. ದಿನಕ್ಕೆ ಹನ್ನೆರಡು ತಾಸಿಗೂ ಮಿಕ್ಕಿ ನಿದ್ದೆ ಮಾಡಿ, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಮಾತ್ರ ಚುರುಕಾಗುವ ಪ್ರಾಣಿ ಈ ಸಂಪ್ರದಾಯವನ್ನು ಊರಿನಿಂದ ಕಲಿಯಿತೋ ಊರಿಗೆ ಕಲಿಸಿತೋ ಎಂಬುದು ಸ್ವತಂತ್ರ ಪ್ರಬಂಧಕ್ಕೆ ವಿಷಯ. ಆಜಿಯ ಬಾಗಿಲಿನ ಮೇಲಿರುವ ಫಲಕವನ್ನು, ಅಂದರೆ ಪುಣೇರಿ ಪಾಟಿಯನ್ನು, ಇಲ್ಲಿ ಶಾಸನ ಪ್ರಮಾಣವೆಂದು ಕೊಡುತ್ತೇನೆ: ‘ಬೆಕ್ಕು ಇಲ್ಲಿಗೆ ಬಂದಿದೆಯೇ ಎಂದು ಕೇಳಬಾರದು. ಬಂದಿದ್ದರೆ ಅದಾಗಿಯೇ ಹೋಗುತ್ತದೆ. 1ರಿಂದ 4 ಬೆಲ್ ಒತ್ತಬಾರದು. ಬೆಕ್ಕಿಗೆ ಇದು ಗೊತ್ತಿದೆ.’

3. ಪಾಠಪರಿಷ್ಕರಣ

ಬೇಟೆ ನಡೆಯುವುದು ಕತ್ತಲಲ್ಲಿ. ಸಾಕ್ಷಿಗಳು ಏಳುವುದು ಸದ್ದಾದ ಮೇಲೆ. ಹಾಗಾಗಿ ಪ್ರತಿ ಘಟನೆಗೂ ಪಾಠಾಂತರಗಳು ಹುಟ್ಟಿಕೊಳ್ಳುತ್ತವೆ. ಉಪ್ಪಿನಕಾಯಿ ಭರಣಿ ಪ್ರಕರಣದಲ್ಲಿ ದೊರೆತ ಪ್ರತಿಗಳು ಹೀಗಿವೆ.

ಅವ್ವನ ಪ್ರತಿ: ‘ಹಲ್ಲಿ ಬೆನ್ನ ಹತ್ತಿತ್ತು, ಭರಣಿ ಕೆಡವಿತು.’
ಹೆಂಡತಿಯ ಪ್ರತಿ: ‘ಹಲ್ಲಿನೂ ಇಲ್ಲ, ಗಿಲ್ಲಿನೂ ಇಲ್ಲ. ಮುಚ್ಚಳ ಉರುಳಿಸಿ ಆಟ ಆಡ್ಲಿಕತ್ತಿತ್ತು. ಎಲ್ಲಾ ನೀವ ಕಲಿಸಿದ್ದರೀ.’
ಮಗನ ಪ್ರತಿ: ‘ನಾನಾ ಏನೂ ಮಾಡಿಲ್ಲ, ಭರಣಿನ ತಾನಾಗಿ ಬಿತ್ತು.’

ಲಿಪಿಕಾರರು ಕಠಿಣ ಪಾಠವನ್ನು ಸುಲಭ ಮಾಡುತ್ತಾರೆಯೇ ಹೊರತು ಸುಲಭ ಪಾಠವನ್ನು ಕಠಿಣ ಮಾಡುವುದಿಲ್ಲ, ಆದ್ದರಿಂದ ಕಠಿಣ ಪಾಠವೇ ಹೆಚ್ಚು ಪ್ರಾಚೀನ ಎಂಬುದು ಗ್ರಂಥಸಂಪಾದನೆಯ ನಿಯಮ. ಮೇಲಿನ ಮೂರರಲ್ಲಿ ನಂಬಲು ಅತ್ಯಂತ ಕಠಿಣವಾದದ್ದು ಮಗನ ಪಾಠ. ಅದನ್ನೇ ಮೂಲವೆಂದು ಸ್ವೀಕರಿಸಿ ಬೆಕ್ಕನ್ನು ನಿರ್ದೋಷಿ ಎಂದು ಘೋಷಿಸಲಾಯಿತು. ಹೆಂಡತಿಯ ಪಾಠದ ಕೊನೆಯ ವಾಕ್ಯ ನಿಸ್ಸಂಶಯವಾಗಿ ಪ್ರಕ್ಷಿಪ್ತ.

4. ಹಸಿವಿನ ಪೂರ್ವಪಕ್ಷ, ಅದರ ಖಂಡನೆ

‘ಹೊಟ್ಟಿ ಹಸದರ ಬ್ಯಾಟಿ ಆಡತದ, ಹೊಟ್ಟಿ ತುಂಬಿದರ ಮಲಗತದ’ ಎಂಬುದು ಅವ್ವನ ಮತ. ಲೋಕರೂಢಿಯೂ ಇದೇ. ಆದರೆ 1976ರಲ್ಲಿ ಪ್ರಕಟವಾದ ಅಡಾಮೆಕ್ ಅವರ ಪ್ರಯೋಗ ಈ ಮತದ ಬುಡವನ್ನೇ ಅಲುಗಿಸಿತು. ಇಷ್ಟದ ಊಟ ಮಾಡುತ್ತಿದ್ದ ಬೆಕ್ಕುಗಳ ಎದುರು ಇಲಿ ಬಿಟ್ಟರೆ ಅವು ತಟ್ಟೆ ಬಿಟ್ಟೆದ್ದು ಇಲಿಯನ್ನು ಕೊಂದು, ಮರಳಿ ಬಂದು ಮೊದಲಿನ ಊಟವನ್ನೇ ಮುಂದುವರಿಸಿದವು. ಕೊಲ್ಲುವ ಚಪಲಕ್ಕೂ ತಿನ್ನುವ ಚಪಲಕ್ಕೂ ಒಲೆ ಬೇರೆ ಬೇರೆ. ಜರ್ಮನಿಯ ಪ್ರಾಣಿವರ್ತನ ಶಾಸ್ತ್ರಜ್ಞ ಪಾಲ್ ಲೇಹೌಸನ್ ಹೊಂಚುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಎಂದು ಈ ಚಪಲಗಳನ್ನು ಬಿಡಿಬಿಡಿಯಾಗಿ ಎಣಿಸಿದರು. ಹೊಂಚುವ ಆಸೆ ಸಣ್ಣ ನೆಪಕ್ಕೂ ಕೆರಳುತ್ತದೆ, ತಿನ್ನುವ ಆಸೆ ಎಲ್ಲಕ್ಕಿಂತ ತಡವಾಗಿ ಬರುತ್ತದೆ.

ಹಾಗೆಂದು ಹಸಿವು ನಿಷ್ಪ್ರಯೋಜಕವೂ ಅಲ್ಲ. ಹಸಿದ ಬೆಕ್ಕು ಆಟಿಕೆಯ ಜೊತೆ ಹೆಚ್ಚು ಆವೇಶದಿಂದ ಆಡುತ್ತದೆ, ಇಲಿಯಷ್ಟು ದೊಡ್ಡ ಆಟಿಕೆಗೂ ಅಂಜುವುದಿಲ್ಲ ಎಂದು ಹಾಲ್ ಮತ್ತು ಬ್ರಾಡ್‌ಶಾ 1998ರಲ್ಲಿ ತೋರಿಸಿದ್ದಾರೆ. ಅಂದರೆ ಹಸಿವಿಲ್ಲದೆ ಬೇಟೆ ಉಂಟು, ಹಸಿವಿದ್ದರೆ ಆಟ ಉಂಟು. ನ್ಯಾಯಶಾಸ್ತ್ರದವರ ಹೊಗೆ-ಬೆಂಕಿಯ ವ್ಯಾಪ್ತಿ ಬೆಕ್ಕಿನ ಹತ್ತಿರ ಬಂದಾಗ ಬಾಲ ಮಡಚಿಕೊಂಡು ಕೂರುತ್ತದೆ.

ಪಾಡ್ಯದ ದಿನ ಶ್ರೀಖಂಡದ ಬಟ್ಟಲು ಉರುಳಿದ್ದನ್ನು ಕೆಲವರು ಜಿಹ್ವಾಚಾಪಲ್ಯಕ್ಕೆ ಆರೋಪಿಸುತ್ತಾರೆ. ಇದು ಅಜ್ಞಾನ. ಸಿಹಿಯನ್ನು ಗುರುತಿಸಲು ಬೇಕಾದ ಒಂದು ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂಬುದು 2005ರಲ್ಲೇ ಪ್ರಕಟವಾಗಿದೆ. ಸಿಹಿ ತಿಳಿಯದ ಪ್ರಾಣಿ ಬಟ್ಟಲನ್ನು ಉರುಳಿಸಿದರೆ ಅದು ಶುದ್ಧ ನಿಷ್ಕಾಮ ಕರ್ಮ.

5. ಬೇಟೆಯ ಅಂಗಗಳು

ಬೇಟೆಗೆ ಐದು ಅಂಗ: ಶ್ರವಣ, ಸ್ತಂಭನ, ನಿತಂಬಚಾಲನ, ಉತ್ಪತನ, ವಿಸರ್ಜನ.

ಶ್ರವಣ: ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ಸೋತರೆ ಬೆಕ್ಕಿನದು ಸುಮಾರು 85ರವರೆಗೆ ಏರುತ್ತದೆ. ಇಲಿಮರಿಗಳ ಸೂಕ್ಷ್ಮ ಕೀಚಲು ಅದಕ್ಕೆ ಕೇಳುವುದು ಹೀಗೆ. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ತಾರ ಷಡ್ಜವೂ ಬೆಕ್ಕಿನ ಪಾಲಿಗೆ ಮಂದ್ರವೇ.

ಸ್ತಂಭನ: ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ ನಿಲ್ಲುವುದು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದು ಲೋಕಕ್ಕೆಲ್ಲ ಆಸನ ಕಲಿಸಿದರು. ಬೆಕ್ಕಿನ ಕುಲ ಅದಕ್ಕೂ ಮೊದಲೇ ಕಲಿತು ಮುಗಿಸಿತ್ತು, ಗುರುದಕ್ಷಿಣೆಯನ್ನೂ ಕೊಡದೆ.

ನಿತಂಬಚಾಲನ: ಹಾರುವ ಮುನ್ನ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುವುದು. ಕಾಲೂರಲು ನೆಲ ಗಟ್ಟಿ ಮಾಡಿಕೊಳ್ಳುವುದು ಎಂದು ಕೆಲವರು, ಸ್ನಾಯುಗಳನ್ನು ಹದಗೊಳಿಸುವುದು ಎಂದು ಕೆಲವರು. ಭಾಷಣಕ್ಕೆ ಏಳುವ ಮುಂಚೆ ಅಧ್ಯಕ್ಷರು ಕುರ್ಚಿಯಲ್ಲಿ ಮಾಡುವುದೂ ಇದನ್ನೇ ಎಂಬ ನನ್ನ ವಾದವನ್ನು ಯಾರೂ ಖಂಡಿಸಿಲ್ಲ.

ಉತ್ಪತನ: ಹಾರುವುದು. ಹಾರುವಾಗ ಬೆಕ್ಕು ಗುರಿ ನೋಡುತ್ತದೆ, ಗಾಜಿನ ಸಾಮಾನು ನೋಡುವುದಿಲ್ಲ.

ವಿಸರ್ಜನ: ಹಿಡಿದದ್ದನ್ನು ಬಿಡುವುದು, ಮತ್ತೆ ಹಿಡಿಯುವುದು, ಕೊನೆಗೆ ನಮ್ಮ ಹಾಸಿಗೆಯ ಮೇಲೆ ತಂದು ಹಾಕುವುದು.

6. ಬೇಟೆಯ ವಸ್ತುಗಳು

ಸಜೀವ ವರ್ಗದಲ್ಲಿ ಹಲ್ಲಿ, ಜಿರಳೆ, ಪಾರಿವಾಳ ಬರುತ್ತವೆ. ಪಾರಿವಾಳ ಬಾಲ್ಕನಿಯ ಬಲೆಯ ಆಚೆ ಇರುವುದರಿಂದ ನಾನಾ ಹಲ್ಲು ಕಟಕಟಿಸಿ ತೃಪ್ತನಾಗುತ್ತಾನೆ. ನಿರ್ಜೀವ ವರ್ಗದಲ್ಲಿ ಬಾಟಲಿ ಮುಚ್ಚಳ, ಲಿಂಬೆಹಣ್ಣು, ಸೀರೆಯ ಸೆರಗು, ದೀಪಾವಳಿಯ ಆಕಾಶಕಂದೀಲಿನ ಬಾಲಂಗೋಚಿ.

ಮೂರನೆಯದು ಅಶರೀರ ವರ್ಗ, ಅಂದರೆ ಲೇಸರ್ ಚುಕ್ಕೆ. ಬೆಳಕಿನ ಚುಕ್ಕೆ ಓಡಿಸಿ ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದಾರೆ. ಅದರ ಸಂಖ್ಯೆ 5,443,036. ಕಾಣುತ್ತದೆ, ಸಿಗುವುದಿಲ್ಲ, ಕಾಲಿನಡಿ ಸಿಕ್ಕಿತು ಎನ್ನುವಾಗ ಕಾಲಿನ ಮೇಲೇ ಇರುತ್ತದೆ. ಅದ್ವೈತಿಗಳು ಇದನ್ನು ಮಾಯೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಉಡುಪಿಯ ಮಾಧ್ವರು ಒಪ್ಪುವುದಿಲ್ಲ: ಚುಕ್ಕೆಯೂ ಸತ್ಯ, ಬೆಕ್ಕೂ ಸತ್ಯ, ಅವೆರಡರ ನಡುವಿನ ಭೇದವಂತೂ ನಿತ್ಯ ಸತ್ಯ, ಇಲ್ಲದಿದ್ದರೆ ಬೆಕ್ಕು ಅದನ್ನು ಎಂದೋ ಹಿಡಿಯುತ್ತಿತ್ತು. ಚುಕ್ಕೆಯಾಟದ ಕೊನೆಗೆ ಕೈಗೆ ಸಿಗುವಂಥ ಆಟಿಕೆಯನ್ನೋ ತಿನಿಸನ್ನೋ ಕೊಡಬೇಕು, ಇಲ್ಲವಾದರೆ ಬೆಕ್ಕಿಗೆ ಬೇಸರ ಕಟ್ಟಿಕೊಳ್ಳುತ್ತದೆ ಎಂಬುದು ಪಶುವೈದ್ಯರ ಸಲಹೆ. ಮೋಕ್ಷ ಕೊಡಲಾಗದಿದ್ದರೆ ಪ್ರಸಾದವಾದರೂ ಕೊಡಿ ಎಂಬುದೇ ಇದರ ತಾತ್ಪರ್ಯ.

7. ಮೂಷಕ ಸಮಸ್ಯೆ

ಕಸಬಾ ಗಣಪತಿಯಿಂದ ಹಿಡಿದು ಮಾನದ ಗಣಪತಿಗಳು ಐದಿರುವ ಊರಿನಲ್ಲಿ ಬೆಕ್ಕು ಸಾಕುವುದು ರಾಜತಾಂತ್ರಿಕವಾಗಿ ಸೂಕ್ಷ್ಮ ವಿಷಯ. ಇಲ್ಲಿ ಇಲಿ ಬರಿಯ ಇಲಿಯಲ್ಲ, ವಾಹನ. ನಮ್ಮ ಮನೆಯ ಶಾಡೂ ಮಣ್ಣಿನ ಗಣಪತಿಯ ಪಾದದ ಬಳಿ ಮೋದಕ ಹಿಡಿದ ಇಲಿಯೊಂದಿತ್ತು. ಬೆಕ್ಕಿನ ಬೇಟೆಬುದ್ಧಿಯನ್ನು ಕೆರಳಿಸುವುದು ಚಲನೆ. ಈ ಇಲಿ ಚಲಿಸುತ್ತಿರಲಿಲ್ಲ. ಈಗ ಓಡೀತು, ಆಗ ಓಡೀತು ಎಂದು ಹಬ್ಬವಿಡೀ ನಾನಾ ಅದರ ಎದುರು ಕದಲದೆ ಕೂತ. ಆರತಿಗೆ ಬಂದ ಆಜಿ ಕೈಮುಗಿದು, ‘ಎಷ್ಟು ಭಕ್ತಿ ನೋಡ್ರಿ ಬೋಕ್ಯಾಂದು! ನಿಮಗಿಂತ ವಾಸಿ’ ಎಂದರು.

ಮಹಾಬಲಿಪುರದ ಬಂಡೆಯ ಮೇಲೆ ಒಂಟಿಕಾಲಲ್ಲಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಬುಡದಲ್ಲಿರುವ ಇಲಿಗಳನ್ನೂ ಕಂಡವರಿಗೆ ಈ ಭಕ್ತಿಯ ಆಳ ಗೊತ್ತು. ಶಾಂತಿಪರ್ವದ ಇಲಿ ಪಲಿತನಿಗೂ ಗೊತ್ತಿತ್ತು. ಬಲೆಗೆ ಬಿದ್ದ ಲೋಮಶನೆಂಬ ಬೆಕ್ಕಿನ ಮಗ್ಗುಲಲ್ಲಿ ಕೂತು ಮುಂಗುಸಿ, ಗೂಬೆಗಳಿಂದ ಪಾರಾದ ಅವನು ಬೇಡ ಕಣ್ಣಿಗೆ ಬೀಳುವವರೆಗೆ ಕೊನೆಯ ಎಳೆಯನ್ನು ಕಡಿಯಲೇ ಇಲ್ಲ. ಆಮೇಲೆ ಬೆಕ್ಕು ಎಷ್ಟು ಸ್ನೇಹದಿಂದ ಕರೆದರೂ ಬಿಲ ಬಿಟ್ಟು ಬರಲಿಲ್ಲ. ಭೀಷ್ಮ ಇದನ್ನು ರಾಜನೀತಿ ಎಂದು ಧರ್ಮರಾಜನಿಗೆ ಬೋಧಿಸಿದ. ನಮ್ಮ ಇಲಿಯ ನೀತಿ ಇನ್ನೂ ಮೇಲಿನದು: ವಿಸರ್ಜನೆಯ ದಿನ ಬೆಕ್ಕಿನ ಕಣ್ಣೆದುರೇ ಬಕೆಟ್ ನೀರಿನಲ್ಲಿ ಕರಗಿ ಪಾರಾಯಿತು.

8. ಮೂಲ ಯಾವುದು?

ಹೊಂಚಿ, ಸುತ್ತಿ, ಎದುರಾಳಿ ದಣಿದ ಮೇಲೆ ಎರಗುವುದು ಮರಾಠರ ಗನಿಮೀ ಕಾವಾ. 1728ರಲ್ಲಿ ಪಾಲಖೇಡದಲ್ಲಿ ಬಾಜೀರಾಯ ನಿಜಾಮನನ್ನು ಕಟ್ಟಿಹಾಕಿದ್ದು ಹೀಗೇ. ಆದ್ದರಿಂದ ಬೆಕ್ಕಿನ ಬೇಟೆ ಮಹಾರಾಷ್ಟ್ರ ಮೂಲದ್ದು ಎಂದು ಒಂದು ಪಕ್ಷ. ಅದಕ್ಕೂ ಸಾವಿರ ವರ್ಷ ಮೊದಲೇ ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ತಡೆದಿದ್ದ. 634ರ ಐಹೊಳೆ ಶಾಸನವೇ ಇದಕ್ಕೆ ಸಾಕ್ಷಿ. ಆದ್ದರಿಂದ ಕರ್ನಾಟಕ ಮೂಲದ್ದು ಎಂದು ನಮ್ಮವರು. ಫರ್ಗ್ಯುಸನ್ ಕಾಲೇಜು ರಸ್ತೆಯ ಉಡುಪಿ ಹೋಟೆಲಿನಲ್ಲಿ ಎರಡೂ ಪಕ್ಷದವರು ಒಂದೇ ಟೇಬಲ್ಲಿಗೆ ಕೂತು ಇಡ್ಲಿ ತಿಂದರು, ಬಿಲ್ಲು ಯಾರು ಕೊಡಬೇಕು ಎಂಬಲ್ಲಿ ಚರ್ಚೆ ಮುರಿದುಬಿತ್ತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದರು ಎಂಬ ಸಂಗತಿಯನ್ನು ಎರಡೂ ಪಕ್ಷಗಳು ಗಡಿ ವಿರೋಧಿ ಹುನ್ನಾರ ಎಂದು ತಿರಸ್ಕರಿಸಿವೆ.

9. ನಿರ್ಣಯಗಳು

ಒಂದು: ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದರೆ ಬೆಕ್ಕು ಮನೆಗೆ ತರುವ ಬೇಟೆ ಕಾಲು ಭಾಗ ತಗ್ಗುತ್ತದೆ, ಮಾಂಸ ಹೆಚ್ಚಿರುವ ಆಹಾರ ಕೊಟ್ಟರೆ ನೂರಕ್ಕೆ 36ರಷ್ಟು ತಗ್ಗುತ್ತದೆ ಎಂದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಹೇಳಿದ್ದಾರೆ. ನಮ್ಮ ಮನೆ ಶಾಕಾಹಾರಿ. ಆದ್ದರಿಂದ ಆಡಿಸುವ ಹೊಣೆ ಸರ್ವಾನುಮತದಿಂದ ನನ್ನ ಮೇಲೆ ಬಿದ್ದಿದೆ.

ಎರಡು: ಒಂದೇ ಆಟಿಕೆ ಬೆಕ್ಕಿಗೆ ಬೇಗ ಹಳಸುತ್ತದೆ, ಹೊಸದನ್ನು ಕೊಟ್ಟರೆ ಆವೇಶ ಮರಳುತ್ತದೆ ಎಂಬುದನ್ನು 2002ರ ಪ್ರಯೋಗವೊಂದು ತೋರಿಸಿದೆ. ಚೂರಾಗದ, ಬದಲಾಗದ ವಸ್ತುವನ್ನು ಅದು ಸತ್ತದ್ದೆಂದೋ ಸಾಯದ್ದೆಂದೋ ತೀರ್ಮಾನಿಸಿ ಬಿಟ್ಟು ನಡೆಯುತ್ತದೆ.

ಮೂರು: ಹಸಿವಿಲ್ಲದೆ ಹೊಂಚುವುದು, ಸಿಕ್ಕಿದ್ದನ್ನು ಮೇಲಕ್ಕೆಸೆದು ಕೆಳಕ್ಕೆಸೆದು ನೋಡುವುದು, ತಾನು ತಿನ್ನದೆ ಇನ್ನೊಬ್ಬರ ಮುಂದೆ ತಂದಿಟ್ಟು ಮೆಚ್ಚುಗೆಗೆ ಕಾಯುವುದು: ಇಷ್ಟರ ಮಟ್ಟಿಗೆ ಬೆಕ್ಕಿಗೂ ಸಂಶೋಧಕನಿಗೂ ಭೇದವಿಲ್ಲ. ಭೇದವಿರುವುದು ಒಂದೇ ಕಡೆ. ವಿಷಯ ಸತ್ತಿತೆಂದು ಗೊತ್ತಾದ ಕೂಡಲೇ ಬೆಕ್ಕು ಎದ್ದು ಹೋಗುತ್ತದೆ.

ಈ ಪ್ರಬಂಧದ ಎರಡನೆಯ ಸಂಪುಟ ಸಿದ್ಧವಾಗುತ್ತಿದೆ.