ಹೆದರಿಕೆಯ ಮೂಟೆ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನ ಗೆಳೆಯನದೊಂದು ಹೋಲ್‌ಸೇಲ್ ಅಂಗಡಿ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ನೆಪದಲ್ಲಿ ಅಲ್ಲಿಗೆ ಹೋಗಿ ಯಾವುದಾದರೊಂದು ಚೀಲದ ಮೇಲೆ ಕೂರುವುದು ನನ್ನ ರೂಢಿ. ನಾನು ಕೂತ ಚೀಲಕ್ಕೇ ಗಿರಾಕಿ ಬರುವುದು ದೈವಲೀಲೆ. "ಏಳ್ರೀ ಸರ, ಹಳೇ ಲಾಟಿನ ಮ್ಯಾಲೆ ಕುಂತೀರಿ" ಎಂದು ಹಮಾಲರು ಎಬ್ಬಿಸುತ್ತಾರೆ. ಅದೇ ತೊಗರಿಬೇಳೆಯ ಹೊಸ ಸಾಲು ಕೈಗೆಟುಕುವಂತೆ ಪಕ್ಕದಲ್ಲೇ ಇರುತ್ತದೆ, ಅದನ್ನು ಮುಟ್ಟುವುದಿಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕು, ಇಲ್ಲವಾದರೆ ಗೋಡೆಗೊತ್ತಿದ ಚೀಲ ಅಲ್ಲೇ ಹುಳ ಹಿಡಿಯುತ್ತದೆ. ನಾನಿದ್ದ ಕಚೇರಿಯ ಕಡತಗಳಿಗೆ ಈ ಶಾಸ್ತ್ರ ಅನ್ವಯಿಸಿದ್ದರೆ ಎಷ್ಟೋ ಜನ ತಮ್ಮ ಪಿಂಚಣಿಯನ್ನು ಕಣ್ಣಾರೆ ನೋಡುತ್ತಿದ್ದರು.

ಹಿಂಬದಿಯಲ್ಲಿ ಹೋಗದ ಸರಕಿನ ಮೂಲೆಯೂ ಒಂದುಂಟು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಗೆಳೆಯನಿಗೂ ಉಮೇದು ಬಂದು ನವಣೆಕ್ಕಿ, ಸಾಮೆಯಕ್ಕಿ ತರಿಸಿದ. ಸಿಪ್ಪೆಯೊಳಗಿರುವ ತನಕ ಅವು ಗಟ್ಟಿ. ಸಿಪ್ಪೆ ಬಿಡಿಸಿದ ಮೇಲೆ ಎಣ್ಣೆಯಂಶ ಕಮಟಲು ಬಹಳ ಕಾಲ ಬೇಡ. ನಮ್ಮೂರೋ, ಸೋಮವಾರ ಪಥ್ಯ ಶುರು ಮಾಡಿ ಗುರುವಾರ ಬೆಣ್ಣೆದೋಸೆಗೆ ಶರಣಾಗುವ ಊರು. "ಖರ್ಚಾಗದ ಮೂಟೆ ಅಂದ್ರೆ ಊರಿಗೆ ಹೋಗದ ನೆಂಟ ಇದ್ದಂಗೆ. ಜಾಗಾನೂ ತಿಂತಾನೆ, ಬಡ್ಡೀನೂ ತಿಂತಾನೆ" ಎಂದ ಗೆಳೆಯ. ಹಾಗೆನ್ನುವಾಗ ನನ್ನ ಕಡೆ ಯಾಕೆ ನೋಡಿದನೋ ತಿಳಿಯದು. ನಾನು ಮಂಡಕ್ಕಿಯ ಪೊಟ್ಟಣ ಮಡಿಚಿಟ್ಟುಕೊಂಡೆ.

ಹಾಗಂತ ಕಡಿಮೆ ತರಿಸುವಂತೆಯೂ ಇಲ್ಲ. ಉಪ್ಪನ್ನೇ ನೋಡಿ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಗುಜರಾತಿನದು. ಮಳೆ ಹಿಡಿದರೆ ಅಲ್ಲಿನ ಉಪ್ಪಿನ ಗದ್ದೆಗಳ ಕೆಲಸ ನಿಂತಿತು. ಸರಕಿಗೆ ಬೆಲೆ ಕಮ್ಮಿ, ತೂಕ ಜಾಸ್ತಿ; ಹೀಗಾಗಿ ಲಾಭವನ್ನು ಬಾಡಿಗೆಯೇ ನೆಕ್ಕಿಬಿಡುತ್ತದೆ. ದಿನಕ್ಕೆ 20 ಚೀಲ ಖರ್ಚು, ಲೋಡು ಬರಲು 8 ದಿನ ಎಂದಿಟ್ಟುಕೊಳ್ಳಿ. 160 ಚೀಲ ಉಳಿದಾಗಲೇ ಫೋನ್ ಮಾಡಬೇಕು. ಲಾರಿ ಎಲ್ಲೋ ಕೆಟ್ಟು ನಿಂತರೆ? ಅದಕ್ಕೊಂದು 40 ಸೇರಿಸಿ, 200 ಇರುವಾಗಲೇ ಮಾಡಬೇಕು. ಮ್ಯಾನೇಜ್‌ಮೆಂಟ್ ಓದಿದ ಮಗ ಆ ನಲವತ್ತಕ್ಕೆ ಸೇಫ್ಟಿ ಸ್ಟಾಕ್ ಎನ್ನುತ್ತಾನೆ. ಅಪ್ಪನ ಬಾಯಲ್ಲಿ ಅದು ಹೆದರಿಕೆ ಮೂಟೆ.

ನನಗೆ ಸೋಜಿಗವೆನಿಸುವುದು ಈ ಹೆದರಿಕೆ ಸಾಗುವ ಪರಿ. ಡಯಾಪರ್ ಕಟ್ಟಿಸಿಕೊಳ್ಳುವ ಕೂಸುಗಳು ತಿಂಗಳಿಂದ ತಿಂಗಳಿಗೆ ತಮ್ಮ ಕೆಲಸದಲ್ಲಿ ಹೆಚ್ಚೂಕಡಿಮೆ ಮಾಡುವುದಿಲ್ಲವಷ್ಟೆ? ಆದರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗೆ ವಿತರಕರಿಂದ ಬರುವ ಆರ್ಡರು ಮಾತ್ರ ಒಮ್ಮೆ ಮುಗಿಲಿಗೆ, ಒಮ್ಮೆ ಪಾತಾಳಕ್ಕೆ. ಸ್ಟ್ಯಾನ್‌ಫರ್ಡಿನ ಹಾವ್ ಲೀ ಮತ್ತು ಸಂಗಡಿಗರು 1997ರಲ್ಲಿ ಇದರ ಗುಟ್ಟು ಬಿಡಿಸಿ ಬರೆದರು. ಚಿಲ್ಲರೆಯವನು ಎರಡು ಮೂಟೆ ಹೆಚ್ಚಿಗೆ ಹೇಳುತ್ತಾನೆ, ಅದನ್ನು ಕಂಡ ಸಗಟಿನವನು ಇಪ್ಪತ್ತು, ಅದನ್ನು ಕಂಡ ಕಾರ್ಖಾನೆಯವನು ಇನ್ನೊಂದು ಪಾಳಿಯನ್ನೇ ಹಚ್ಚುತ್ತಾನೆ. ಆಮೇಲೆ ಎಲ್ಲರ ಗೋದಾಮೂ ತುಂಬಿ, ಎಲ್ಲರೂ ಒಟ್ಟಿಗೆ ಫೋನ್ ಎತ್ತುವುದನ್ನು ಬಿಡುತ್ತಾರೆ. 2016ರ ನವೆಂಬರಿನಲ್ಲಿ, ನೋಟು ರದ್ದಾದ ಬೆನ್ನಿಗೇ, ಉತ್ತರದ ಕಡೆ ಉಪ್ಪಿಗೆ ಬರ ಎಂಬ ಗಾಳಿಸುದ್ದಿ ಹಬ್ಬಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಮೂರು ಕಡೆ ಸಮುದ್ರವಿರುವ ದೇಶದಲ್ಲಿ! ಗೆಳೆಯನ ಮದ್ದು ಸರಳ: ಚಿಲ್ಲರೆಯವರು ಬರೆಸುವ ಚೀಟಿಯನ್ನು ಅವನು ನಂಬುವುದಿಲ್ಲ, ಅವರ ಅಂಗಡಿಗೇ ಹೋಗಿ ಕಪಾಟಿನಲ್ಲಿ ಎಷ್ಟು ಉಳಿದಿದೆ ಎಂದು ಇಣುಕುತ್ತಾನೆ.

ಅವನಿಗೆ ನಿಜವಾಗಿ ನಿದ್ದೆ ಕೆಡಿಸುವುದು ಉದ್ರಿ. ಸರಕು ಕಛ್‌ನಿಂದ ಹೊರಟು ಎರಡು ರಾಜ್ಯ ದಾಟಿ ಬಂದೀತು, ದುಡ್ಡು ಮುಂದಿನ ಓಣಿಯಿಂದ ಬರುವುದಿಲ್ಲ. ಬಿಲ್ಲು ಹರಿದ ಮೇಲೆ ಹಣ ಬರಲಿ ಬಿಡಲಿ, ತೆರಿಗೆ ಬೀಳುವ ಸರಕಿನ ಜಿಎಸ್‌ಟಿ ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟಬೇಕು. ಮೊನ್ನೆ ಹಳೇ ಬಾಕಿದಾರನೊಬ್ಬ ಬಂದ. ಗೆಳೆಯ ಖಾತೆ ಪುಸ್ತಕವನ್ನು ಸದ್ದಾಗುವಂತೆ ತೆರೆದ.

"ಹಳೇದು ಹಬ್ಬ ಆದ ಮ್ಯಾಲೆ ಅಣ್ಣ. ಈಗ ಹತ್ತು ಪೆಂಟಿ ಬೆಲ್ಲ ಬರ್ಕೋ."

ಯಾವ ಹಬ್ಬವೆಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಎಂಟು ಪೆಂಟಿ ಬರೆದುಕೊಂಡ.