ನಿದ್ದೆ ಮಾಡದ ನಕ್ಷತ್ರ

ನಮ್ಮ ಮನೆಯಲ್ಲಿ ಇಂಧನ ಖಾತೆ ನನ್ನದು. ಗೀಸರ್ ಹಾಕಿ ಹತ್ತು ನಿಮಿಷವಾಯಿತೆಂದರೆ ಬಚ್ಚಲ ಬಾಗಿಲು ಬಡಿಯುವವನು ನಾನೇ. ಫ್ರಿಜ್ ಕೊಳ್ಳುವಾಗ ಬಿಇಇ ಚೀಟಿಯ ಮೇಲಿನ ನಕ್ಷತ್ರ ಎಣಿಸಿದೆನೇ ಹೊರತು ಒಳಗೆ ಕೈಹಾಕಿ ನೋಡಲಿಲ್ಲ. ಇಡ್ಲಿ ಹಿಟ್ಟಿನ ಪಾತ್ರೆ ಇವತ್ತಿಗೂ ಅದರೊಳಗೆ ಓರೆಯಾಗಿಯೇ ಕೂರುತ್ತದೆ.

ಈ ಬೇಸಿಗೆಯಲ್ಲಿ ಬಿಲ್ಲು 211 ಯೂನಿಟ್ ತೋರಿಸಿತು. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ದುಡ್ಡು ಕಟ್ಟಬೇಕು. ನಾನು ಮಿಕ್ಸಿಯ ಕಡೆ ನೋಡಿದೆ. ಹೆಂಡತಿ ನನ್ನ ಆಫೀಸು ಕೆಲಸದ ಕಂಪ್ಯೂಟರಿನ ಕಡೆ ನೋಡಿದಳು.

"ಅದಕ್ಕೆ ಎನರ್ಜಿ ಸ್ಟಾರ್ ಇದೆ ಕಣೇ. 1992ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ತಂದ ಮುದ್ರೆ. ಮೊಟ್ಟಮೊದಲು ಅಂಟಿಸಿದ್ದೇ ಕಂಪ್ಯೂಟರಿಗೆ, ಮಾನಿಟರಿಗೆ. ನಿನ್ನ ಫ್ರಿಜ್ಜೆಲ್ಲ ಆಮೇಲೆ."

"ಹಾಗಾದ್ರೆ ರಾತ್ರಿಯೆಲ್ಲ ಅದರಲ್ಲಿ ಮೀನು ಓಡಾಡ್ತಾವಲ್ಲ, ಅವು ಯಾರ ಮನೆ ಕರೆಂಟು ರೀ?"

ಮೀನು ಎಂದರೆ ಸ್ಕ್ರೀನ್ ಸೇವರ್. ‘ಸೇವರ್’ ಎಂದಮೇಲೆ ಕರೆಂಟನ್ನೇ ಉಳಿಸುತ್ತದೆಂದು ನಂಬಿದ್ದೆ. ಅದು ಹುಟ್ಟಿದ್ದು ಹಳೇ ಡಬ್ಬಾ ಮಾನಿಟರಿನ ಗಾಜಿನಲ್ಲಿ ಒಂದೇ ಚಿತ್ರ ಅಚ್ಚೊತ್ತಿ ಕೂರದಿರಲಿ ಎಂದು. ಈಗಿನ ಚಪ್ಪಟೆ ಪರದೆಯಲ್ಲಿ ಮೀನುಗಳದ್ದು ಬಿಟ್ಟಿ ವಿಹಾರ.

ಭಾವಮೈದ ಕರೆಂಟು ಅಳೆಯುವ ಪ್ಲಗ್ ತಂದು ಸಿಕ್ಕಿಸಿದ. 90 ವ್ಯಾಟ್. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಸುಮಾರು 65 ಯೂನಿಟ್. "ಭಾವ, ಇದು ಮಲಗೋದೇ ಇಲ್ವಲ್ಲ!"

ಮಲಗುವುದೆಲ್ಲಿಂದ? ಆ ಮುದ್ರೆಯ ಕಂಪ್ಯೂಟರು ಕೆಲಸವಿಲ್ಲದಾಗ ತಾನಾಗಿ ಮಲಗುವ ಏರ್ಪಾಡಿನೊಂದಿಗೇ ಕಾರ್ಖಾನೆಯಿಂದ ಬರುತ್ತದೆ. ಎದ್ದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತದೆಂದು ಸಿಟ್ಟಾಗಿ, ತಂದ ವಾರವೇ ‘ಸ್ಲೀಪ್’ ಎಂದಿದ್ದ ಕಡೆ ‘ನೆವರ್’ ಒತ್ತಿದ ಪುಣ್ಯಾತ್ಮ ನಾನು. ಸ್ಟಿಕ್ಕರನ್ನು ಮಾತ್ರ ಆಯುಧಪೂಜೆಗೆ ಒರೆಸಿ ಕುಂಕುಮ ಹಚ್ಚಿದ್ದೆ.

ಅವತ್ತೇ ಹದಿನೈದು ನಿಮಿಷಕ್ಕೆ ಮಲಗುವಂತೆ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಎದ್ದು, ಮಲಗಿದೆಯೋ ಇಲ್ಲವೋ ಎಂದು ಮೌಸ್ ಅಲ್ಲಾಡಿಸಿದೆ. ಎದ್ದು ಕೂತು ಪಾಸ್‌ವರ್ಡ್ ಕೇಳಿತು. ಹನ್ನೊಂದೂವರೆಗೆ ಹೋಗಿ ಮತ್ತೆ ಅಲ್ಲಾಡಿಸಿದೆ; ಮತ್ತೆ ಕೇಳಿತು. ಮೂರನೇ ಸಲ ಹೊರಟಾಗ ಹಾಸಿಗೆಯಿಂದ ದನಿ ಬಂತು:

"ತೊಟ್ಟಿಲಲ್ಲಿರೋ ಮಗೂನ ಎಬ್ಬಿಸಿ ‘ನಿದ್ದೆ ಬಂತಾ’ ಅಂತ ಕೇಳೋರನ್ನ ಇವತ್ತೇ ನೋಡಿದ್ದು ರೀ. ಹನ್ನೊಂದು ಗಂಟೆಯಿಂದ ನಡುಮನೆ ಟ್ಯೂಬ್‌ಲೈಟ್ ಉರೀತಿದೆ, ಅದನ್ನ ಆರಿಸಿ ಬನ್ನಿ."