ದೀಪದ ಹುಡುಗಿಯ ಹಸಿರು ಕೆನ್ನೆ

ಎಣ್ಣೆಬಣ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕಾದರೆ ಮೊದಲು ದೊಡ್ಡ ಕಲಾವಿದರೊಬ್ಬರ ಚಿತ್ರವನ್ನು ನಕಲು ಮಾಡಬೇಕಂತೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ 1793ರಿಂದಲೂ ಇದಕ್ಕೆ ಅನುಮತಿ ಉಂಟು. ನಕಲು ಮಾತ್ರ ಮೂಲದ ಅಳತೆಯಲ್ಲಿ ಇರಕೂಡದು. ಹುಣಸೂರಿನವನಿಗೆ ಪ್ಯಾರಿಸ್ ದೂರ, ಮೈಸೂರು ಬಸ್ಸಿನಲ್ಲಿ ಒಂದು ನಿದ್ದೆ. ಹಾಗಾಗಿ ಜಗನ್ಮೋಹನ ಅರಮನೆಯ ದೀಪದ ಹುಡುಗಿಯನ್ನೇ ಆರಿಸಿಕೊಂಡೆ.

"ಓ, ರವಿವರ್ಮನ ಚಿತ್ರ!" ಅಂದರು ಎಲ್ಲರೂ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಇದನ್ನು ಎಸ್.ಎಲ್. ಹಲ್ದಣಕರ್ ಬರೆದದ್ದು 1945-46ರಲ್ಲಿ, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ, ಆಕೆ 102 ವರ್ಷ ಬಾಳಿ 2018ರಲ್ಲಿ ಹೋದರು ಎಂದೆಲ್ಲ ವಿವರಿಸಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅದು ನೀರುಬಣ್ಣದ ಚಿತ್ರ ಎಂದೂ ಹೇಳಿದೆ. ಕೆ.ಆರ್. ನಗರದ ಭಾವ ನಕ್ಕೇ ನಕ್ಕರು: "ಎಣ್ಣೆ ದೀಪ ಹಿಡ್ಕಂಡವ್ಳೆ, ನೀರಲ್ಲಿ ಬರ್ದವ್ರಾ? ಯಾರಿಗ್ ಹೇಳ್ತಿಯಪ್ಪ!"

ಭಾವನ ತರ್ಕಕ್ಕೆ ಉತ್ತರವಿಲ್ಲ. ನನ್ನ ಪಾಡು ಮಾತ್ರ ಅಲ್ಲಿಂದಲೇ ಶುರುವಾಯಿತು. ನೀರುಬಣ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಉಳಿಸಿಕೊಳ್ಳುತ್ತಾ ಬರಬೇಕು. ಎಣ್ಣೆಬಣ್ಣದಲ್ಲಿ ಕತ್ತಲನ್ನು ಮೊದಲು ಹಚ್ಚಿ, ಬೆಳಕನ್ನು ಕೊನೆಗೆ ತಂದು ಕೂರಿಸಬೇಕು. ಜ್ವಾಲೆಗೆ ಅಡ್ಡ ಹಿಡಿದ ಆ ಬೆರಳುಗಳ ಕೆಂಪು ಹಲ್ದಣಕರರಿಗೆ ಹೇಗೆ ಒಲಿಯಿತೋ, ನನ್ನ ಕ್ಯಾನ್ವಾಸಿನ ಮೇಲೆ ಐದು ಕ್ಯಾರೆಟ್ಟುಗಳು ಸಾಲಾಗಿ ನಿಂತವು.

ನನ್ನ ಗುರುಗಳು ಅಂಗಡಿ ಬೋರ್ಡು ಬರೆಯುವವರು. ಫೋಟೋ ಮೇಲೆ ಚೌಕ ಎಳೆಸಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ ಎಳೆಸಿ, ಎರಡನ್ನೂ ತಲೆಕೆಳಗು ಮಾಡಿಟ್ಟರು. "ಮೂಗು ಅಂತ ಬರೆಯೋಕೆ ಹೋದ್ರೆ ನಿಮ್ಮ ಮನೆಯವರ ಮೂಗೇ ಬರ್ತದೆ. ಈ ಚೌಕದಲ್ಲಿ ನೆರಳು ಎಲ್ಲಿ ತಿರುಗ್ತದೆ, ಅದನ್ನ ನೋಡಿ." ಅವರ ಮಾತು ನಿಜವಾಯಿತು. ಮೂಗು ಅಂದುಕೊಳ್ಳದೆ ಬರೆದಾಗ ಮೂಗು ಬಂತು.

ಹಳೆಯ ಇಟಲಿಯ ಚಿತ್ರಕಾರರು ಚರ್ಮದ ಬಣ್ಣದಡಿಯಲ್ಲಿ ಮಾಸಲು ಹಸಿರು ಹಾಕುತ್ತಿದ್ದರು. ಮೇಲೆ ತೆಳ್ಳಗೆ ಗುಲಾಬಿ ಎಳೆದರೆ ರಕ್ತ ಹರಿದಂತೆ ಕಾಣುತ್ತದೆ. ಬರೀ ಹಸಿರಿನ ಹಂತದಲ್ಲಿದ್ದಾಗ ಪಿರಿಯಾಪಟ್ಟಣದ ಸೋದರತ್ತೆ ಬಂದರು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಬೆಂಕಿ ಕಾದು ಆಯುಸ್ಸು ಕಳೆದವರು; ಎಲೆಯ ಹಸಿರು ಯಾವ ಗಳಿಗೆಯಲ್ಲಿ ಹಳದಿಗೆ ತಿರುಗುತ್ತದೆಂದು ಕಣ್ಣಳತೆಯಲ್ಲೇ ಹೇಳಬಲ್ಲರು. "ಹಸ್ರು ಇನ್ನೂ ಬುಟ್ಟಿಲ್ಲ ಕಣ್ಲಾ. ಈಗ್ಲೇ ಉರಿ ಜಾಸ್ತಿ ಮಾಡ್ದೆ ಅಂದ್ರೆ ಕಪ್ಪಾಯ್ತದೆ. ನಿಧಾನುಕ್ ಏರ್ಸು." ತೆಳು ಪದರದ ಮೇಲೆ ತೆಳು ಪದರ ಎಂದು ಚಿತ್ರಕಲೆಯ ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಅತ್ತೆ ಎಲೆಅಡಿಕೆ ಮೆಲ್ಲುತ್ತಾ ಮುಗಿಸಿದ್ದರು. ಇದುವರೆಗೆ ನನಗೆ ಸಿಕ್ಕಿದ ವಿಮರ್ಶೆಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಎಚ್.ಡಿ. ಕೋಟೆಯ ಷಡ್ಡಕರು ಹುಡುಗಿಯ ಹಿಂದೆ ಕಬಿನಿಯ ಆನೆಯೊಂದು ಇರಲಿ ಎಂದಿದ್ದರು.

ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಮೆಲ್ಲಗೆ ಗಟ್ಟಿಯಾಗುತ್ತದೆ. ಆಷಾಢದ ಜಡಿಮಳೆಯಲ್ಲಂತೂ ಕೇಳುವುದೇ ಬೇಡ. ನೆಂಟರಿಗೆ ಅಷ್ಟು ತಾಳ್ಮೆ ಎಲ್ಲಿ? "ಒಣಗೈತಾ?" ಎನ್ನುತ್ತಲೇ ಬೆರಳು ಕೆನ್ನೆ ಮೇಲಿರುತ್ತದೆ. ಎಡಗೆನ್ನೆಯಲ್ಲಿ ಈಗ ಭಾವನ ಹೆಬ್ಬೆಟ್ಟಿದೆ.

ಹುಣಸೂರಿಗೆ ಬಂದರೆ ಮನೆಗೆ ಬನ್ನಿ, ಕಾಫಿ ಕುಡಿಯೋಣ. ಚಿತ್ರವನ್ನೂ ನೋಡಿ. ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿರಿ.